ಲಾಭ, ಎರಡು, ಮೂರು

ನಮ್ಮ ಮನೆಗೆ ಬಂದಾಗಲೆಲ್ಲ ಸರ್ ಮೊದಲು ಮಾಡುತ್ತಿದ್ದ ಕೆಲಸ, ಬಾಗಿಲ ಮೂಲೆಯಲ್ಲಿಟ್ಟ ಕೊಡೆಗಳ ಗುಂಡಿ ಬಿಚ್ಚುವುದು. ಚಪ್ಪಲಿ ಬಿಡುವುದು, ನಮಸ್ಕಾರ ಹೇಳುವುದು ಎಲ್ಲ ಆಮೇಲೆ. ಮಲೇಷ್ಯಾದ ಈ ಸುಬಾಂಗ್ ಜಯಾದಲ್ಲಿ ಮಳೆ ಬಾರದ ದಿನ ಕಡಿಮೆ. ಪ್ರತಿ ಮನೆಯ ಬಾಗಿಲಲ್ಲೂ ನಾಲ್ಕೈದು ಕೊಡೆ ಇದ್ದೇ ಇರುತ್ತವೆ. ಹೊರಗಿನಿಂದ ಬಂದ ಕೂಡಲೇ ಕೊಡೆಯನ್ನು ಸುತ್ತಿ, ಪಟ್ಟಿ ಎಳೆದು, ಗುಂಡಿ ಹಾಕಿ ಇಡುವುದು ನನ್ನ ಅಭ್ಯಾಸ. ನನಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಅವರು ಬಗ್ಗಿ ಒಂದೊಂದೇ ಕೊಡೆಯ ಗುಂಡಿ ಬಿಚ್ಚಿ, ಕೊಡವಿ, ಅರ್ಧ ತೆರೆದು ನಿಲ್ಲಿಸುತ್ತಿದ್ದರು.

"ಒದ್ದೆ ಕೊಡೆ ಕಟ್ಲಿಕ್ಕಿಲ್ಲ ಮಾರಾಯ್ರೆ. ಕಡ್ಡಿಗೆ ತುಕ್ಕು ಹಿಡೀತದೆ. ನಮ್ಮಲ್ಲಿ ಹೀಗೆ ಕಟ್ಟಿಟ್ರೆ ಮಳೆಗಾಲ ಮುಗಿಯುವಾಗ ಕೊಡೆ ಇರುದಿಲ್ಲ, ಬರೀ ಕೋಲು ಇರ್ತದೆ."

ಅವರು ಹೋದ ಮೇಲೆ ನಾನು ಮತ್ತೆ ಎಲ್ಲವನ್ನೂ ಸುತ್ತಿ ಗುಂಡಿ ಹಾಕುತ್ತಿದ್ದೆ. ಹತ್ತು ವರ್ಷ ಈ ಕುಸ್ತಿ ನಡೆಯಿತು. ಇಬ್ಬರೂ ಸೋಲಲಿಲ್ಲ.

ಅವರ ಬಗ್ಗೆ ನಮ್ಮ ಕನ್ನಡ ಬಳಗದ ಸಂಚಿಕೆಗೆ ಬರೆದುಕೊಡಿ ಎಂದು ಕೇಳಿದಾಗ ನಾನು ಎರಡು ಸಲ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೆಯ ಸಲ ಸಂಪಾದಕರು, "ನೀವೇ ಬರೀಬೇಕು ಮೇಡಂ. ಸರ್ ಮಾಡಿದ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡೋರು ನೀವು" ಎಂದರು. ಆ ಮಾತು ಕೇಳಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಏಕೆಂದರೆ ಅದು ಪೂರಾ ತಲೆಕೆಳಗಾದ ಮಾತು. ನಾನು ಮಾಡಿದ ತಪ್ಪನ್ನು ಅವರ ಮೇಲೆ ಹಾಕಿದೆ. ಅವರು ಅದನ್ನು ಹೊತ್ತುಕೊಂಡೇ ಹೋದರು. ಈಗ ನಾನು ಬರೆಯುತ್ತಿರುವುದು ಅವರ ಚಿತ್ರವೋ ನನ್ನದೋ, ಓದಿದವರು ಹೇಳಲಿ. ಹೆಸರು ಬರೆಯುವುದಿಲ್ಲ. ಸರ್ ಎಂದೇ ಎಲ್ಲರೂ ಕರೆಯುತ್ತಿದ್ದೆವು, ಅಷ್ಟು ಸಾಕು.

ಅವರು ಉಡುಪಿ ಕಡೆಯವರು. ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. ನಿವೃತ್ತಿಯಾದ ಮೇಲೂ ಕಾಲೇಜಿನವರು ಬಿಡದೆ ಒಪ್ಪಂದದ ಮೇಲೆ ಇಟ್ಟುಕೊಂಡಿದ್ದರು. ಕುಳ್ಳಗಿನ ಆಳು, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ, ತಲೆಗೆ ಬಟ್ಟೆಯ ಟೊಪ್ಪಿ. ಎಲ್ಲಿ ಹೋದರೂ ಹಸಿರು ಬಣ್ಣದ, ಮರದ ಹಿಡಿಯ ದೊಡ್ಡ ಕೊಡೆ. ಯಾರ ಮನೆಯಲ್ಲಿ ಊಟಕ್ಕೆ ಕೂತರೂ ಬಡಿಸಿದ ಅನ್ನ ನೋಡಿ ಅಕ್ಕಿ ಯಾವುದು, ಎಷ್ಟು ಹಳೆಯದು ಎಂದು ಹೇಳುತ್ತಿದ್ದರು. ಅವರ ತಾಯಿ ಊರಲ್ಲಿ ಅಕ್ಕಿ ಅಳೆದು ಮಾರಿ ಮಕ್ಕಳನ್ನು ಓದಿಸಿದವರು.

ಅಳೆಯುವಾಗ ನಮ್ಮ ಹಿರಿಯರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ನಮ್ಮ ತುಮಕೂರಿನಲ್ಲಿ ನನ್ನ ಅಜ್ಜಿಯೂ ಹಾಗೆಯೇ ಅಳೆಯುತ್ತಿದ್ದಳು. ಆದರೆ ಸರ್ ಅದನ್ನು ಅಕ್ಕಿಗೆ ಮಾತ್ರ ಬಿಟ್ಟಿರಲಿಲ್ಲ. ಮೆಟ್ಟಿಲು ಹತ್ತುವಾಗ ಲಾಭ, ಮಾತ್ರೆ ನುಂಗುವಾಗ ಲಾಭ, ಕಾಲೇಜಿನಲ್ಲಿ ಪಕ್ಕೆಲುಬು ಎಣಿಸುವಾಗಲೂ ಲಾಭ. ಅವರ ಮಲಯ್ ಮತ್ತು ಚೀನೀ ವಿದ್ಯಾರ್ಥಿಗಳು ಅದನ್ನು ಕಲಿತು, ಮಲಯ್ ಭಾಷೆಯ ಎಣಿಕೆಗೆ ಸೇರಿಸಿ, "ಲಾಭ, ದುವಾ, ತಿಗಾ" ಎಂದು ಎಲುಬು ಮುಟ್ಟಿ ಎಣಿಸುತ್ತಿದ್ದರಂತೆ. ಒಮ್ಮೆ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದು ಎಲುಬು ತೋರಿಸಿ ಇದು ಎಷ್ಟನೆಯದು ಎಂದು ಕೇಳಿದ್ದಾರೆ. ಹುಡುಗಿ ಧೈರ್ಯವಾಗಿ "ಲಾಭ, ಸರ್" ಎಂದಿದ್ದಾಳೆ. ಈ ಕಥೆ ಹೇಳುವಾಗ ಅವರೇ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

ಬಳಗದ ಪ್ರವಾಸಗಳಲ್ಲಿ ತಲೆ ಎಣಿಸುವ ಕೆಲಸ ಅವರದು. ಯಾರೂ ವಹಿಸಿದ್ದಲ್ಲ, ತಾನಾಗಿ ಬಂದದ್ದು. ಪ್ರತಿ ನಿಲ್ದಾಣದಿಂದ ಹೊರಡುವ ಮೊದಲು ಬಸ್ಸಿನ ಮುಂದೆ ನಿಂತು, ತಮ್ಮ ಎದೆ ತಟ್ಟಿಕೊಂಡು "ಲಾಭ" ಎನ್ನುವರು. ಆಮೇಲೆ ಸೀಟುಗಳ ನಡುವೆ ನಡೆಯುತ್ತ ಒಬ್ಬೊಬ್ಬರ ಭುಜ ಮುಟ್ಟಿ ಎರಡು, ಮೂರು, ನಾಲ್ಕು.

"ಎಣಿಸುವವ ತನ್ನನ್ನೇ ಮರೆಯುದು ಜಾಸ್ತಿ. ಅದಕ್ಕೆ ಮೊದ್ಲು ತನ್ನನ್ನು ಎಣಿಸಿ ಬಿಡ್ಬೇಕು. ಆಮೇಲೆ ಊರಿನವರನ್ನು" ಎನ್ನುತ್ತಿದ್ದರು.

ಹೀಗಾಗಿ ನಮ್ಮ ಬಸ್ಸಿನಲ್ಲಿ ಲಾಭ ಎಂದರೆ ಸರ್. ಮಕ್ಕಳಂತೂ ಅವರನ್ನು ಲಾಭ ಅಂಕಲ್ ಎಂದೇ ಕರೆಯುತ್ತಿದ್ದವು. ಎಣಿಕೆ ಮುಗಿದ ಮೇಲೂ ಅವರ ಕೆಲಸ ಮುಗಿಯುತ್ತಿರಲಿಲ್ಲ. ಇಳಿದು ಒಂದು ಸುತ್ತು ಹೋಗಿ ಯಾರಾದರೂ ಏನಾದರೂ ಬಿಟ್ಟಿದ್ದಾರೆಯೇ ನೋಡಿ ಬರಬೇಕು. ಹಾಗೆ ಅವರು ಉಳಿಸಿಕೊಟ್ಟ ಕನ್ನಡಕ, ಟಿಫಿನ್ ಡಬ್ಬಿ, ಮಗುವಿನ ಕಾಲುಚೀಲ ಎಷ್ಟೋ.

ಕೊರೋನಾದ ಮೊದಲ ವರ್ಷದಲ್ಲಿ, ಒಂದು ಲಾಕ್‌ಡೌನ್ ಮುಗಿದು ಇನ್ನೊಂದು ಶುರುವಾಗುವ ಮೊದಲು, ಮೂರು ನಾಲ್ಕು ತಿಂಗಳು ಉಸಿರಾಡಲು ಬಿಟ್ಟಿದ್ದರು. ಊರಿಗೆ ಹೋಗುವಂತಿಲ್ಲ, ದೇಶದೊಳಗೆ ಓಡಾಡಬಹುದು. ಮನೆಯಲ್ಲಿ ಕೂತು ಎಲ್ಲರಿಗೂ ತಲೆ ಕೆಟ್ಟಿತ್ತು. ನಾನು ಆಗ ಬಳಗದ ಕಾರ್ಯದರ್ಶಿ. ಒಂದು ದಿನದ ಪ್ರವಾಸ ಎಂದು ಪ್ರಕಟಿಸಿದೆ. ಬೆಳಿಗ್ಗೆ ಪೋರ್ಟ್ ಡಿಕ್ಸನ್ ಕಡಲತೀರದಲ್ಲಿ ತಿಂಡಿ, ಆಮೇಲೆ ಮಲಾಕ್ಕಾ ಪಕ್ಕದ ಕ್ಲೆಬಾಂಗಿನಲ್ಲಿ ಮರುಭೂಮಿ, ಮಧ್ಯಾಹ್ನ ಮುವಾರ್ ಎಂಬ ಕಡಲೂರಿನಲ್ಲಿ ಊಟ, ಸಂಜೆ ಮಲಾಕ್ಕಾ ಪೇಟೆ ಸುತ್ತಿ ಮನೆಗೆ. ಒಟ್ಟು ಇಪ್ಪತ್ತೆರಡು ಜನ.

ನಾನು ಸೈಬರ್‌ಜಯಾದ ಒಂದು ಡೇಟಾ ಸೆಂಟರಿನಲ್ಲಿ ಪಾಳಿಯ ಮುಖ್ಯಸ್ಥೆ. ಒಂದೂ ಬಿಟ್ಟುಹೋಗದಂತೆ ಪಟ್ಟಿ ಹಿಡಿದು ಪರೀಕ್ಷಿಸುವುದೇ ನನಗೆ ಸಂಬಳ ಕೊಡುವ ಕೆಲಸ. ಪ್ರವಾಸಕ್ಕೂ ನಿಮಿಷ ನಿಮಿಷದ ವೇಳಾಪಟ್ಟಿ ಮಾಡಿ ಎಲ್ಲರ ಫೋನಿಗೆ ಕಳಿಸಿದ್ದೆ. ಬಳಗದ ಅಧ್ಯಕ್ಷರು ಹುಬ್ಬಳ್ಳಿಯವರು. ಬಸ್ಸು ಹತ್ತುವಾಗಲೇ, "ಏನ್ರೀ ಇದು, ನಿಮ್ಮ ಟೈಮ್‌ಟೇಬಲ್ ನೋಡಿದ್ರ ರೈಲ್ವೇದವ್ರೂ ನಾಚಿಕೋಬೇಕು. ನಡೀತದೇನು ಹಿಂಗ?" ಎಂದು ಛೇಡಿಸಿದರು. ನಡೆಸಿ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಪಣ ತೊಟ್ಟೆ. ನನ್ನ ಕೈಗೆ ಬಂದ ಕೆಲಸ ಕೆಡುವುದಿಲ್ಲ ಎಂಬ ಜಂಬ ನನಗೆ ಮೊದಲಿನಿಂದ ಇದೆ. ಅದನ್ನು ಮುಚ್ಚಿಟ್ಟು ಈ ಬರಹದಿಂದ ಪ್ರಯೋಜನವಿಲ್ಲ.

ಪೋರ್ಟ್ ಡಿಕ್ಸನ್ನಿನಲ್ಲಿ ಇಳಿದಾಗ ಸಮುದ್ರದ ಮೇಲಿಂದ ಒಂದು ಜಡಿಮಳೆ ಬಂತು. ನಾನು ಮತ್ತು ಸರ್ ಅವರ ಹಸಿರು ಕೊಡೆಯ ಕೆಳಗೆ, ದಂಡೆಯ ಸಿಮೆಂಟು ಕಟ್ಟೆಯ ಮೇಲೆ ಕೂತೆವು. ಮಮಕ್ ಎನ್ನುವ ತಮಿಳು ಮುಸ್ಲಿಮರ ಅಂಗಡಿಯಿಂದ ಕಟ್ಟಿಸಿ ತಂದ ರೊಟ್ಟಿ ಚನಾಯ್ ಪೊಟ್ಟಣ ಮಡಿಲಲ್ಲಿತ್ತು. ಅವರ ಹೆಂಡತಿಗೆ ಮೊಣಕಾಲು ನೋವು, ಬಂದಿರಲಿಲ್ಲ. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಇಲ್ಲದ ದಿನ ಸರ್ ಸ್ವಲ್ಪ ಹೆಚ್ಚು ಮಾತಾಡುತ್ತಿದ್ದರು.

"ಮುಂದಿನ ಸಲದಿಂದ ನೀವೇ ಎಣಿಸಿ ಮಾರಾಯ್ರೆ. ನನಗೆ ಅರವತ್ತೆಂಟು ಆಯ್ತು" ಎಂದರು.

"ನೀವಿರೋವಾಗ ನಾನ್ಯಾಕೆ ಸರ್? ನಿಮ್ಮ ಲೆಕ್ಕ ಎಂದಾದ್ರೂ ತಪ್ಪಿದ್ಯಾ?"

ಅದಕ್ಕೆ ಅವರು ತಾಯಿಯ ಕೊನೆಯ ದಿನಗಳ ಕಥೆ ಹೇಳಿದರು. "ಅಮ್ಮನಿಗೆ ಮರೆವು ಬಂತು. ನಮ್ಮ ಹೆಸರು ಹೋಯ್ತು, ಊಟ ಮಾಡಿದ್ದು ಹೋಯ್ತು. ಆದ್ರೆ ಅಕ್ಕಿ ಅಳೆಯುದು ಬಿಡ್ಲಿಲ್ಲ. ಸೇರು ತುಂಬಿಸಿ ಲಾಭ ಅಂತ ಪಾತ್ರೆಗೆ ಹಾಕುದು. ಮತ್ತೆ ತುಂಬಿಸುದು, ಮತ್ತೆ ಲಾಭ. ಪಾತ್ರೆ ತುಂಬಿ ಅಕ್ಕಿ ನೆಲಕ್ಕೆ ಚೆಲ್ಲಿದ್ರೂ ಲಾಭವೇ. ಎರಡು ಬರ್ಲೇ ಇಲ್ಲ." ಕೈಯಲ್ಲಿದ್ದ ರೊಟ್ಟಿ ಹಾಗೇ ಇತ್ತು. "ನನಗೆ ಸಾಯುವ ಹೆದರಿಕೆ ಇಲ್ಲ. ಈ ಕೊರೋನಾದ್ದೂ ಇಲ್ಲ. ಎರಡು ಬಾರದೆ ಹೋಗುದು ಉಂಟಲ್ಲ, ಅದರದ್ದೊಂದೇ ಹೆದರಿಕೆ."

ಇದನ್ನು ಅವರು ಹೇಳಿದ್ದು ಬೆಳಿಗ್ಗೆ ಒಂಬತ್ತು ಗಂಟೆಗೆ, ನನಗೊಬ್ಬಳಿಗೆ. ಆ ದಿನ ಆಮೇಲೆ ನಾನು ಮಾಡಿದ್ದನ್ನು, ಅವರ ಈ ಹೆದರಿಕೆ ಗೊತ್ತಿದ್ದೇ ಮಾಡಿದೆ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಮಲೇಷ್ಯಾದಲ್ಲಿ ನಿಜವಾದ ಮರುಭೂಮಿ ಇಲ್ಲ. ಕ್ಲೆಬಾಂಗಿನಲ್ಲಿ ಸಮುದ್ರ ತುಂಬಿಸಿ ನೆಲ ಮಾಡಲೆಂದು ತಂದು ಸುರಿದ ಮರಳು ದಿಬ್ಬ ದಿಬ್ಬವಾಗಿ ಬಿದ್ದಿದೆ. ಅದನ್ನೇ ಜನ ಮರುಭೂಮಿ ಎಂದು ಕರೆದು ಮದುವೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ತಲುಪುವಾಗ ಹನ್ನೊಂದೂವರೆ. ಮಳೆಯ ಸುಳಿವೇ ಇರಲಿಲ್ಲ, ಮರಳು ಕಾದು ಚಪ್ಪಲಿಯೊಳಗೆ ಸುಡುತ್ತಿತ್ತು. ಅರ್ಧ ಗಂಟೆ ಎಂದು ಇಳಿಸಿದವರನ್ನು ಮತ್ತೆ ಬಸ್ಸಿಗೆ ಹತ್ತಿಸಲು ಒಂದೂಕಾಲು ಗಂಟೆ ಬೇಕಾಯಿತು. ಒಬ್ಬರಿಗೆ ದಿಬ್ಬದ ತುದಿಯಲ್ಲಿ ಫೋಟೋ, ಇನ್ನೊಬ್ಬರಿಗೆ ಒಂಟೆ ಎಲ್ಲಿ ಎಂಬ ಪ್ರಶ್ನೆ. ಮುವಾರಿನಲ್ಲಿ ಊಟಕ್ಕೆ ಹೇಳಿಟ್ಟ ಹೊತ್ತು ಮೀರುತ್ತಿತ್ತು. ಅಧ್ಯಕ್ಷರು ಗಡಿಯಾರ ನೋಡಿ ನನ್ನತ್ತ ಮುಗುಳ್ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಸರ್ ಬಸ್ಸಿನ ಮೆಟ್ಟಿಲ ಬಳಿ ಬಂದರು. "ನೀವೊಮ್ಮೆ ಎಣಿಸಿ. ನಾನು ಹಿಂದೆ ಏನಾದ್ರೂ ಬಿಟ್ಟಿದ್ದಾರಾ ನೋಡಿ ಎರಡು ನಿಮಿಷದಲ್ಲಿ ಬರ್ತೇನೆ."

"ಆಯ್ತು ಸರ್, ಬೇಗ ಬನ್ನಿ" ಎಂದೆ. ಅವರ ಕಡೆ ನೋಡದೆ ಎಂದೆ. ಫೋನಿನಲ್ಲಿ ಮುವಾರಿನ ಹೋಟೆಲಿನವನ ಜೊತೆ ಮಾತಾಡುತ್ತಿದ್ದೆ.

ಆ ಮಾತು ಏಳೆಂಟು ನಿಮಿಷ ಎಳೆಯಿತು. ಮುಗಿಯುವ ಹೊತ್ತಿಗೆ ಎಲ್ಲರೂ ಹತ್ತಿ ಕೂತಿದ್ದರು. ಎಲ್ಲರ ಮುಖಕ್ಕೂ ಮಾಸ್ಕು, ಅರ್ಧ ಜನ ಆಗಲೇ ಕಣ್ಣು ಮುಚ್ಚಿದ್ದರು, ಉಳಿದವರು ಫೋನಿನ ಫೋಟೋಗಳಲ್ಲಿ ಮುಳುಗಿದ್ದರು. ಮೊದಲ ಸೀಟು ಸರ್‌ದು. ಅದರ ಮೇಲೆ ಅವರ ಚೀಲ. ಪಕ್ಕದಲ್ಲಿ, ನಡೆಯುವ ದಾರಿಗೆ ಅಡ್ಡವಾಗಿ, ಬೆಳಿಗ್ಗೆಯ ಮಳೆಗೆ ನೆನೆದ ಕೊಡೆಯನ್ನು ಅರ್ಧ ತೆರೆದು ಒಣಗಲು ಇಟ್ಟಿದ್ದರು. ನನ್ನ ಸೀರೆ ಅದಕ್ಕೆ ಸಿಕ್ಕಿಕೊಂಡಿತು. ಸಿಟ್ಟಿನಲ್ಲಿ ಅದನ್ನು ಮಡಿಚಿ, ಸುತ್ತಿ, ಪಟ್ಟಿ ಎಳೆದು ಗುಂಡಿ ಹಾಕಿ, ಚೀಲದ ಪಕ್ಕ ಇಟ್ಟೆ. ಅದರ ಹಿಡಿಯನ್ನೇ ತಟ್ಟಿ "ಲಾಭ" ಎಂದೆ. ಆಮೇಲೆ ಹಿಂದಕ್ಕೆ ನಡೆಯುತ್ತ ಮನಸ್ಸಿನಲ್ಲೇ ಎರಡು, ಮೂರು. ಕೊನೆಯ ಸೀಟಿಗೆ ಇಪ್ಪತ್ತೊಂದು. ನಾನು ಇಪ್ಪತ್ತೆರಡು. ಲೆಕ್ಕ ಸರಿಹೋಯಿತು. ನಮ್ಮ ಡ್ರೈವರ್ ತಮಿಳಿನವರು, "ಪೋಲಾಂ ಅಣ್ಣಾ" ಎಂದೆ. ಬಸ್ಸು ಹೊರಟಿತು.

ಲಾಭ ಎನ್ನುವಾಗ ಯಾರನ್ನಾದರೂ ನೋಡಿ ಎನ್ನಬೇಕು ಎಂದು ನನಗೆ ಹೊಳೆಯಲಿಲ್ಲ. ಅಷ್ಟು ವರ್ಷ ಲಾಭ ತಾನಾಗಿ ಇರುತ್ತಿತ್ತು.

ಮುವಾರಿಗೆ ಒಂದು ಗಂಟೆಯ ದಾರಿ. ಎಲ್ಲರೂ ಇಳಿದು ಕೈ ತೊಳೆಯಲು ಸಾಲು ನಿಂತಾಗ, ಮೊದಲ ಸೀಟಿನ ಚೀಲದೊಳಗೆ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. ಗೊತ್ತಿಲ್ಲದ ನಂಬರು. ಆ ಕಡೆಯಿಂದ ಸರ್.

"ಹಾಂ, ಫೋನು ಬಸ್ಸಲ್ಲೇ ಉಂಟಲ್ಲ, ಸದ್ಯ. ಕಳ್ದು ಹೋಯ್ತು ಅಂತ ಮಾಡಿದ್ದೆ. ನಾನು ಇಲ್ಲೇ ಇದ್ದೇನೆ, ತೆಂಗಿನಕಾಯಿ ಶೇಕ್ ಅಂಗಡಿಯಲ್ಲಿ. ನೀವು ಊಟ ಮುಗಿಸಿಯೇ ಬನ್ನಿ, ಅವಸರ ಇಲ್ಲ."

ಯಾರೂ ಊಟ ಮಾಡಲಿಲ್ಲ. ಬಸ್ಸು ತಿರುಗಿತು. ಮಕ್ಕಳು ಹಸಿವೆಂದು ಅಳುತ್ತಿದ್ದರು. ದೊಡ್ಡವರು ಮೊದಲು ಗಾಬರಿಯಾಗಿ, ಅವರು ಕ್ಷೇಮ ಎಂದು ತಿಳಿದ ಮೇಲೆ ಗೊಣಗಲು ಶುರುಮಾಡಿದರು. "ಸರ್‌ಗೆ ವಯಸ್ಸಾಯ್ತು ಪಾಪ", "ಎಣಿಸಿಬಿಟ್ಟು ಆಮೇಲೆ ಇಳಿದುಹೋಗಿರ್ತಾರೆ". ಎಣಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಎಣಿಸುವುದೆಂದರೆ ಸರ್ ಎಂದು ಎಲ್ಲರೂ ತಿಳಿದಿದ್ದರು. ಆ ಒಂದು ಗಂಟೆಯಲ್ಲಿ ಬಾಯಿಬಿಡಲು ನನಗೆ ಎಷ್ಟು ಅವಕಾಶವಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು ಮೆಲ್ಲಗೆ, "ಅಮ್ಮಾ, ಯು ಕೌಂಟೆಡ್, ನೋ?" ಎಂದಳು. ಆಗ ಅವಳಿಗೆ ಹದಿನಾಲ್ಕು.

"ಸುಮ್ನಿರು" ಎಂದೆ. ಅವಳು ಇಯರ್‌ಫೋನ್ ಮತ್ತೆ ಕಿವಿಗೆ ಹಾಕಿಕೊಂಡಳು.

ಕ್ಲೆಬಾಂಗಿನ ಅಂಗಡಿಯ ಮಲಯ್ ಹೆಂಗಸು ಅವರನ್ನು ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿ, ತಲೆಗೆ ಒದ್ದೆ ಬಟ್ಟೆ ಕೊಟ್ಟಿದ್ದಳು. ಬಸ್ಸಿನ ಹಿಂದೆ ಓಡಿ ಅವರ ಚಪ್ಪಲಿಯ ಉಂಗುಟ ಕಿತ್ತಿತ್ತು. ಬರಿಗಾಲಲ್ಲಿ ಮರಳು ದಾಟಿ ಬಂದಿದ್ದರಿಂದ ಅಂಗಾಲು ಕೆಂಪಾಗಿ ಬೊಬ್ಬೆ ಎದ್ದಿತ್ತು. ಬಸ್ಸು ಹತ್ತುವಾಗ ಡ್ರೈವರ್ ಕೈ ಹಿಡಿಯಬೇಕಾಯಿತು. ಹತ್ತಿದವರೇ ನನ್ನತ್ತ ಒಂದು ಸ್ಟೀಲ್ ನೀರಿನ ಬಾಟಲಿ ಚಾಚಿದರು.

"ನಿಮ್ಮದಲ್ವಾ ಇದು? ದಿಬ್ಬದ ಆಚೆ ಬಿದ್ದಿತ್ತು."

ನನ್ನದೇ. ಅದನ್ನು ತೆಗೆದುಕೊಂಡೆ. ಆಗಲೇ ಅಧ್ಯಕ್ಷರು ಹಿಂದಿನಿಂದ ಎದ್ದು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಹಸಿದ ಮನುಷ್ಯನ ಬೇಸರದಿಂದ. "ಅಲ್ರೀ, ಯಾರ್ರೀ ಎಣಿಸಿದವ್ರು?"

ಸರ್ ನನ್ನ ಮುಖ ನೋಡಿದರು. ದೂರುವ ನೋಟವಲ್ಲ, ನೀವೇ ಹೇಳಿ ಎಂಬಂಥ ನೋಟ. ನಾನು ಬಾಟಲಿ ಹಿಡಿದುಕೊಂಡೇ, "ನೀವೇ ಅಲ್ವಾ ಸರ್ ಎಣಿಸಿದ್ದು? ಎಣಿಸಿ ಮತ್ತೆ ಇಳಿದ್ರಿ" ಎಂದೆ.

ಅವರು ಕಂಬಿ ಹಿಡಿದು ನಿಂತರು. "ನಾನಾ? ನಿಮಗೆ ಎಣಿಸ್ಲಿಕ್ಕೆ ಹೇಳಿದ ಹಾಗೆ ನೆನಪು ನನಗೆ."

"ಅದು ಪೋರ್ಟ್ ಡಿಕ್ಸನ್‌ನಲ್ಲಿ ಸರ್. ಮುಂದಿನ ಸಲದಿಂದ ನೀವೇ ಎಣಿಸಿ ಅಂದ್ರಲ್ಲ, ಅದು."

ಮೊದಲ ಸುಳ್ಳು ಹೆದರಿಕೆಗೆ ಬಂತು ಎಂದು ಯಾರಾದರೂ ಕ್ಷಮಿಸಬಹುದು. ಎರಡನೆಯದನ್ನು ನಾನು ಯೋಚಿಸಿ, ಸರಿಯಾದ ಜಾಗಕ್ಕೆ ಹೊಂದಿಸಿ ಹೇಳಿದೆ. ಅವರು ನಿಧಾನವಾಗಿ ತಲೆಯಾಡಿಸಿದರು. "ಹೌದು ಹೌದು. ಅದು ಪೋರ್ಟ್ ಡಿಕ್ಸನ್‌ನಲ್ಲಿ" ಎಂದರು. ಬಸ್ಸಿನವರೆಲ್ಲರ ಕಡೆ ತಿರುಗಿ ಕೈ ಮುಗಿದರು. "ನನ್ನಿಂದ ಎಲ್ಲರಿಗೂ ಊಟ ತಪ್ಪಿತು. ಬೇಜಾರು ಮಾಡ್ಬೇಡಿ."

ಮಲಾಕ್ಕಾ ಪೇಟೆ ನೋಡದೆ ನೇರ ಮನೆಗೆ ಹೊರಟೆವು. ದಾರಿಯುದ್ದಕ್ಕೂ ಸರ್ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗುಂಡಿಯನ್ನು ಹೆಬ್ಬೆರಳಿನಿಂದ ತಡವುತ್ತಿದ್ದರು. ಒಮ್ಮೆ ನನ್ನತ್ತ ತಿರುಗಿ, "ಈ ಕೊಡೆ..." ಎಂದರು. ಮುಂದೆ ಹೇಳಲಿಲ್ಲ. ಸುಸ್ತಾಗಿದ್ದಾರೆ ಎಂದುಕೊಂಡು ನಾನೂ ಕೇಳಲಿಲ್ಲ. ಸುಬಾಂಗ್ ಜಯಾದಲ್ಲಿ ಇಳಿಯುವ ಮೊದಲು ಎಣಿಸಬೇಕಿತ್ತು. ಅವರು ಏಳಲಿಲ್ಲ. "ನೀವು ಎಣಿಸಿ" ಎಂದು ನನಗೆ ಹೇಳಿದರು.

ಆಮೇಲೆ ಅವರು ಮತ್ತೆ ಏನನ್ನೂ ಎಣಿಸಲಿಲ್ಲ. ಹಾಗೆಂದು ನನಗೆ ಹೇಳಿದ್ದು ಅಕ್ಕ. ಲಾಕ್‌ಡೌನ್ ಮತ್ತೆ ಬಿಗಿಯಾಗಿತ್ತು, ಎರಡು ಬೀದಿ ಆಚೆಯ ಮನೆಗೂ ಹೋಗುವಂತಿರಲಿಲ್ಲ. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಒಂದು ವಾರ ಅಕ್ಕ, "ಇವ್ರು ಕಾರು ಬಿಡುದು ನಿಲ್ಸಿದ್ದಾರೆ" ಎಂದರು. ಇನ್ನೊಂದು ವಾರ, "ಗ್ಯಾಸ್ ಆಫ್ ಮಾಡಿದ್ದನ್ನು ಮೂರ್ಮೂರು ಸಲ ಹೋಗಿ ನೋಡ್ತಾರೆ." ಆಮೇಲೆ, "ಆನ್‌ಲೈನ್ ಪಾಠ ಬೇಡ ಅಂತ ಬರೆದು ಕೊಟ್ರು. ಪಾಠದ ಮಧ್ಯ ಮರೆತ್ರೆ ಮಕ್ಕಳ ಗತಿ ಎಂತದು ಅಂತಾರೆ." ತಜ್ಞ ವೈದ್ಯರೊಬ್ಬರು ಪರೀಕ್ಷೆ ಮಾಡಿ ಏನೂ ತೊಂದರೆ ಇಲ್ಲ ಎಂದರಂತೆ. "ಅವ ನನ್ನ ಹಳೇ ವಿದ್ಯಾರ್ಥಿ, ನನ್ನ ಮುಖ ನೋಡಿ ಹೇಳಿದ್ದು" ಎಂದು ಸರ್ ಅದನ್ನೂ ನಂಬಲಿಲ್ಲವಂತೆ.

ಪ್ರತಿ ಸಲವೂ ಫೋನಿಟ್ಟು ಅಡುಗೆಮನೆಯಲ್ಲಿ ನಿಂತು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಹೇಳಿಬಿಡಬೇಕು ಎಂದು ಪ್ರತಿ ಸಲವೂ ನಿಶ್ಚಯಿಸುತ್ತಿದ್ದೆ. ಮುಂದಿನ ವಾರ ಮತ್ತೆ ತರಕಾರಿ ಸಿಕ್ಕಿತೇ, ಲಸಿಕೆ ಯಾವಾಗ ಎಂಬ ಮಾತು. ಊರಿಗೆಲ್ಲ ನೇರ ನಡೆ, ನೇರ ನುಡಿ ಎಂದು ಉಪದೇಶ ಮಾಡುವವಳು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಮಗಳಿಗೆ ಎಷ್ಟು ಸಲ ಹೇಳಿದ್ದೇನೋ. ಒಂದು ಸಂಜೆ ಅವಳು ಊಟದ ಮೇಜಿನಲ್ಲಿ ತಲೆ ಎತ್ತದೆ, "ಆರ್ ಯು ಎವರ್ ಗೋಯಿಂಗ್ ಟು ಟೆಲ್ ಹಿಮ್?" ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಫೋನು ಮಾಡಿ ಅಕ್ಕನಲ್ಲ, ಸರ್ ಬೇಕು ಎಂದೆ.

ಎಲ್ಲ ಹೇಳಿದೆ. ಎಣಿಸಿದ್ದು ನಾನು, ನೀವು ನನಗೆ ಎಣಿಸಲು ಹೇಳಿದ್ದು ಕ್ಲೆಬಾಂಗಿನಲ್ಲೇ, ನಿಮ್ಮ ನೆನಪು ಸರಿಯಿತ್ತು, ನಾನು ಸುಳ್ಳು ಹೇಳಿದೆ ಎಂದೆ. ಹೇಳುತ್ತ ಅತ್ತುಬಿಟ್ಟೆ.

ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ ಮೃದುವಾಗಿ ನಕ್ಕರು. "ನೀವು ದೊಡ್ಡವರು ಮಾರಾಯ್ರೆ. ಇವಳು ನಿಮಗೆ ಎಲ್ಲ ಹೇಳಿದ್ದಾಳೆ ಕಾಣ್ತದೆ. ನನ್ನ ಸಮಾಧಾನಕ್ಕೆ ತಪ್ಪು ನಿಮ್ಮ ತಲೆ ಮೇಲೆ ಹಾಕಿಕೊಳ್ತೀರಿ."

"ಇಲ್ಲ ಸರ್, ಸಮಾಧಾನಕ್ಕಲ್ಲ. ನನ್ನ ಮಗಳನ್ನ ಕೇಳಿ." ಫೋನು ಅವಳ ಕೈಗೆ ಕೊಟ್ಟೆ. ಅವಳು, "ಅಂಕಲ್, ಇಟ್ ವಾಸ್ ಅಮ್ಮ ಹೂ ಕೌಂಟೆಡ್. ರಿಯಲೀ" ಎಂದಳು.

"ಅವಳಿಗೂ ಹೇಳಿಕೊಟ್ಟಿದ್ದೀರಿ, ಚಂದ ಆಯ್ತು" ಎಂದರು ನಾನು ಮತ್ತೆ ಫೋನು ಹಿಡಿದಾಗ. ದನಿಯಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. "ಎಣಿಸಿದ್ದು ನೀವು ಅಂತಲೇ ಇಟ್ಟುಕೊಳ್ಳುವ. ಬೇರೆ ಒಂದು ಉಂಟು, ಅದು ನಿಮಗೆ ಗೊತ್ತಿಲ್ಲ. ಅದರಿಂದ ನನಗೆ ಗೊತ್ತಾದದ್ದು. ಇರ್ಲಿ. ನಿಮ್ಮ ಉಪಕಾರ ಮರೆಯುದಿಲ್ಲ." ಮರೆಯುದಿಲ್ಲ ಎಂದು ಹೇಳಿ, ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು.

ಆ ಬೇರೆ ಒಂದು ಯಾವುದು ಎಂದು ನಾನು ಕೇಳಲಿಲ್ಲ. ಹೇಳಿ ಮುಗಿಸಿದ ನಿರಾಳ ನನಗೆ ಆಗಲೇ ಬಂದಿತ್ತು. ನನ್ನ ಪಾಲಿನದು ನಾನು ಮಾಡಿದೆ, ನಂಬದಿದ್ದರೆ ಏನು ಮಾಡಲಿ ಎಂದು ಫೋನಿಟ್ಟೆ. ಆ ದಿನ ಬಹಳ ದಿನಗಳ ಮೇಲೆ ಚೆನ್ನಾಗಿ ಊಟ ಮಾಡಿದೆ.

ಐದು ವಾರಗಳ ನಂತರ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತ ಕೂತಲ್ಲೇ ಅವರ ಹೃದಯ ನಿಂತಿತು. ಕೊರೋನಾ ಅಲ್ಲ. ಆದರೂ ಚಿತಾಗಾರಕ್ಕೆ ಹೋಗಲು ಕೆಲವರಿಗೆ ಮಾತ್ರ ಅನುಮತಿ. ನಾವು ಉಳಿದವರು ಹನ್ನೊಂದನೆಯ ದಿನ ಕಂಪ್ಯೂಟರಿನ ಮುಂದೆ ಕೂತು ಸಂತಾಪ ಸಭೆ ಮಾಡಿದೆವು. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು. ಅವರ ಚೀನೀ ವಿದ್ಯಾರ್ಥಿನಿಯೊಬ್ಬಳು, ಈಗ ಅವಳೇ ಡಾಕ್ಟರು, "ಲಾಭ, ದುವಾ, ತಿಗಾ" ಎಂದು ಎಣಿಸಿ ತೋರಿಸಿ ಅತ್ತಳು.

ಕೊನೆಗೆ ಅಕ್ಕ ಮಾತಾಡಿದರು. ನನ್ನ ಹೆಸರು ಹಿಡಿದು ಹೇಳಿದರು. "ಇವ್ರು ಫೋನು ಮಾಡಿ, ತಪ್ಪು ನನ್ನದು ಅಂತ ಸರ್ ಹತ್ರ ಹೇಳಿದ್ರು. ಅವ್ರ ಮನಸ್ಸು ಹಗುರ ಆಗ್ಲಿ ಅಂತ. ಒಡಹುಟ್ಟಿದವರೂ ಹೀಗೆ ಮಾಡುದಿಲ್ಲ. ಸರ್ ಸಾಯುವವರೆಗೆ ಅದನ್ನೇ ಹೇಳ್ತಿದ್ರು, ಎಂತ ಹೆಂಗಸು ಅಂತ." ಚೌಕಗಳಲ್ಲಿ ತಲೆಗಳು ಆಡಿದವು. ಅಕ್ಕ ಕಣ್ಣೊರೆಸಿಕೊಂಡು ಮುಂದುವರಿಸಿದರು. "ಆದ್ರೆ ಅವರಿಗೆ ಗೊತ್ತಾಗಿತ್ತು. ಎಣಿಸಿದ್ದಲ್ಲ, ಅದು ಬಿಡಿ. ಆ ದಿನ ಮನೆಗೆ ಬಂದವ್ರೇ ಕೊಡೆ ನನ್ನ ಕೈಗೆ ಕೊಟ್ಟು ಕೇಳಿದ್ರು, ಇದನ್ನು ಕಟ್ಟಿದ್ದು ಯಾರು ಅಂತ. ಒಣಗ್ಲಿಕ್ಕೆ ಬಿಡಿಸಿಟ್ಟದ್ದು ನೆನಪುಂಟು, ಕಟ್ಟಿದ್ದು ನೆನಪಿಲ್ಲ ಅಂದ್ರು. ಅದು ಅವರ ಸೀಟಲ್ಲೇ ಇತ್ತಂತೆ, ಬೇರೆ ಯಾರು ಮುಟ್ತಾರೆ? ಅರವತ್ತು ವರ್ಷದಲ್ಲಿ ಒಮ್ಮೆಯೂ ಒದ್ದೆ ಕೊಡೆ ಕಟ್ಟಿದ ಜನ ಅಲ್ಲ ಅವರು. ನಾನೇ ಕಟ್ಟಿದ್ದೇನೆ, ನನಗೇ ಗೊತ್ತಿಲ್ಲ, ಅಮ್ಮನಿಗೂ ಹೀಗೇ ಶುರುವಾದದ್ದು ಅಂತ ಆ ರಾತ್ರಿಯಿಂದ..."

ಅಲ್ಲಿಯವರೆಗೆ ಆ ಕೊಡೆ ನನಗೆ ನೆನಪೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಯಾರಿಗೆ ನೆನಪಿರುತ್ತದೆ. ತಪ್ಪೊಪ್ಪಿಕೊಂಡ ದಿನ ಸೀರೆ ಸಿಕ್ಕಿದ್ದು, ಸಿಟ್ಟಿನಲ್ಲಿ ಗುಂಡಿ ಹಾಕಿದ್ದು ಹೇಳಿದ್ದರೆ ಅವರು ನಂಬುತ್ತಿದ್ದರು. ಆ ಬೇರೆ ಒಂದು ಯಾವುದು ಸರ್ ಎಂದು ಕೇಳಿದ್ದರೂ ಸಾಕಿತ್ತು. ನಮ್ಮ ಬಾಗಿಲಲ್ಲಿ ಹತ್ತು ವರ್ಷ ನನ್ನ ಗುಂಡಿಗಳನ್ನು ಬಿಚ್ಚಿದವರು ಅವರು. ಕೇಳಿದ ಕೂಡಲೇ, ಓಹೋ, ಇದು ನಿಮ್ಮದೇ ಕೆಲಸ ಎಂದು ನಕ್ಕುಬಿಡುತ್ತಿದ್ದರು. ಉಳಿದ ಐದು ವಾರವಾದರೂ ಹೆದರದೆ ಬದುಕುತ್ತಿದ್ದರು.

ನನ್ನ ಮೈಕು ಮುಚ್ಚಿತ್ತು. ಮಗಳು ಕ್ಯಾಮೆರಾಗೆ ಕಾಣದಂತೆ ಬಾಗಿಲಲ್ಲಿ ನಿಂತಿದ್ದಳು. ಅಧ್ಯಕ್ಷರು, "ಮೇಡಂ, ಎರಡು ಮಾತು ಹೇಳ್ರಿ" ಎಂದರು. ನಾನು ಗಂಟಲು ಕಟ್ಟಿದೆ ಎಂಬಂತೆ ಕೈ ಮಾಡಿ ತೋರಿಸಿದೆ. ದುಃಖ ತಡೆಯಲಾರದೆ ಎಂದು ಎಲ್ಲರೂ ತಿಳಿದರು. ಆ ಸುಳ್ಳನ್ನೂ ಸರ್ ಲೆಕ್ಕಕ್ಕೇ ಸೇರಿಸಿದಂತಾಯಿತು.

ಈಗ ಅಕ್ಕ ಉಡುಪಿಯಲ್ಲಿದ್ದಾರೆ. ಈ ಸಂಚಿಕೆ ಅವರಿಗೆ ಅಂಚೆಯಲ್ಲಿ ಹೋಗುತ್ತದೆ. ಬಸ್ಸಿನಲ್ಲಿದ್ದ ನೀವೆಲ್ಲರೂ ಓದುತ್ತೀರಿ. ದಯವಿಟ್ಟು ಈ ಸಲ ಇದನ್ನು ನನ್ನ ದೊಡ್ಡತನ ಎಂದು ತಿಳಿಯಬೇಡಿ. ಅದೊಂದನ್ನು ಮಾತ್ರ ನನಗೆ ಇನ್ನು ತಡೆದುಕೊಳ್ಳಲು ಆಗುವುದಿಲ್ಲ.

ಅಕ್ಕಾ, ಕ್ಲೆಬಾಂಗಿನಲ್ಲಿ ಸರ್ ಇಳಿದುಹೋದಾಗ ಕೊಡೆ ಅವರ ಸೀಟಿನ ಪಕ್ಕ, ಅವರು ಇಟ್ಟ ಹಾಗೆಯೇ, ಅರ್ಧ ತೆರೆದು ನಿಂತಿತ್ತು. ದಾರಿಗೆ ಅಡ್ಡ ಎಂದು ಅದನ್ನು ಸುತ್ತಿದವಳು ನಾನು. ಪಟ್ಟಿಯ ಗುಂಡಿ ಸ್ವಲ್ಪ ಸಡಿಲವಿತ್ತು, ದಾರ ಹೊರಗೆ ಬಂದಿತ್ತು. ಎರಡು ಸಲ ಒತ್ತಿ ಹಾಕಬೇಕಾಯಿತು. ಕೊಡೆ ನಿಮ್ಮ ಹತ್ತಿರ ಇದ್ದರೆ ತೆಗೆದು ನೋಡಿ. ಅವರಿಗೆ ಯಾವ ಮರೆವೂ ಬಂದಿರಲಿಲ್ಲ. ಅವರು ಒದ್ದೆ ಕೊಡೆ ಕಟ್ಟಲಿಲ್ಲ.